ಡಾರ್ಸಿ ವೊಲೊಚುಕ್‌ನ ಎಡ ಮೊಣಕಾಲು

ಆಗಸ್ಟ್ 19, ಮಂಗಳವಾರ

ಬಿಡಿಭಾಗ ಸಿಕ್ಕಿದೆ.

ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ರೈತನಿಗೆ ಕೊಯ್ಲು ಯಂತ್ರದ ಬೆಲ್ಟು ಹುಡುಕುತ್ತಿದ್ದಾಗ ವಿನ್ನಿಪೆಗ್‌ನ ಆಸ್ಪತ್ರೆಯಿಂದ ಫೋನು ಬಂತು. ನನ್ನ ಎಡ ಮೊಣಕಾಲಿನ ಅಳತೆಗೆ ಹೊಂದುವ ಮೆನಿಸ್ಕಸ್ ದೊರೆತಿದೆಯಂತೆ, ಮುಂದಿನ ವಾರ ಬರಬೇಕಂತೆ. ಒಂದು ವರ್ಷಕ್ಕೂ ಹೆಚ್ಚು ಕಾದಿದ್ದೇನೆ. ಟ್ರ್ಯಾಕ್ಟರ್ ಬಿಡಿಭಾಗದ ಕೌಂಟರಿನಲ್ಲಿ ನಿಂತು "ಆರ್ಡರ್ ಹಾಕಿದೀವಿ, ಬಂದ್ಮೇಲೆ ಹೇಳ್ತೀವಿ" ಎಂದು ನಾನು ಎಷ್ಟು ಜನರನ್ನು ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಅದೇ ಮಾತನ್ನು ಕೌಂಟರಿನ ಈಚೆ ನಿಂತು ಕೇಳಿಸಿಕೊಳ್ಳುವುದು ಅಷ್ಟೇನೂ ಹಿತವಲ್ಲ.

ಮೊಣಕಾಲಿನ ಎರಡು ಎಲುಬುಗಳ ನಡುವೆ ಅರ್ಧಚಂದ್ರದ ಹಾಗೆ ಒಂದು ಮೆತ್ತೆ ಇರುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ವಾಷರ್. ನನ್ನದು ಹರೆಯದಲ್ಲಿ ಹಾಕಿ ಆಡುವಾಗ ಹರಿದು, ಆಗಿನ ಡಾಕ್ಟರು ಅದನ್ನು ಕಿತ್ತೇ ಹಾಕಿದ್ದರು. ಅಂದಿನಿಂದ ಎಲುಬಿಗೆ ಎಲುಬು ಉಜ್ಜುತ್ತಿದೆ. ಈಗ ಸತ್ತ ಯಾರದೋ ಮೆತ್ತೆಯನ್ನು ತಂದು ಅಲ್ಲಿ ಹೊಲಿಯುತ್ತಾರೆ.

ಡಾಕ್ಟರ್ ತಿಬೊಡೋ ಇದರ ಫಲಿತಾಂಶದ ಬಗ್ಗೆ ಬೇಸಿಗೆಯಲ್ಲೇ ವಿವರಿಸಿದ್ದರು. "ನೋವು ಕಡಿಮೆಯಾಗತ್ತೆ. ನಡೆಯೋದು, ಮೆಟ್ಟಿಲು ಹತ್ತೋದು ಸುಲಭ ಆಗತ್ತೆ. ಹತ್ತು ವರ್ಷ ಕಳೆದ್ರೂ ಹೆಚ್ಚಿನವರಿಗೆ ಮೆತ್ತೆ ಉಳಿದಿರತ್ತೆ, ಕೆಲವರಿಗೆ ಉಳಿಯಲ್ಲ. ಆಟದ ವಿಷಯ ಆಮೇಲೆ ನೋಡೋಣ."

ಕಾರಿಗೆ ಬಂದ ಮೇಲೆ ನಾನು ಜೋಲೀನ್‌ಗೆ, "ನೋಡಿದ್ಯಾ, ಈ ಚಳಿಗಾಲಕ್ಕೇ ಕರ್ಲಿಂಗ್ ಆಡಬಹುದಂತೆ" ಎಂದೆ.

"ಅವರು ಹಾಗನ್ಲೇ ಇಲ್ಲ."

"ಅಂದ್ರು. ದನಿಯಲ್ಲಿತ್ತು."

ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ದನಿ ಅರ್ಥವಾಗುವುದಿಲ್ಲ.

ನಮ್ಮೂರು ಬರ್ಚ್ ಕ್ರಾಸಿಂಗ್‌ನ ಕರ್ಲಿಂಗ್ ತಂಡಕ್ಕೆ ನಾನು ನಾಯಕ. ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಚೆ ತುದಿಯ ವೃತ್ತದೊಳಗೆ ನಿಲ್ಲಿಸುವ ಆಟ. ನಾಯಕನೆಂದರೆ ಕೊನೆಯ ಕಲ್ಲು ಬಿಡುವವನು. ಕೆಳಗೆ ಕುಕ್ಕರಿಸಿ, ಎಡ ಮೊಣಕಾಲನ್ನು ಪೂರ್ತಿ ಮಡಚಿ, ಆ ಭಾರದ ಕಲ್ಲನ್ನು ಹಿಡಿದು ಮಂಜುಗಡ್ಡೆಯ ಮೇಲೆ ಹೊಟ್ಟೆ ತಾಗುವಷ್ಟು ತಗ್ಗಿ ಜಾರಬೇಕು. ನಾನು ಜಾರುವುದನ್ನು ನೋಡಲೆಂದೇ ಪಕ್ಕದ ಊರಿನವರು ಬರುತ್ತಿದ್ದರು. ಬೇರೆ ಕಾರಣಕ್ಕೂ ಬರುತ್ತಿದ್ದಿರಬಹುದು, ಕ್ಲಬ್ಬಿನಲ್ಲಿ ಬಿಯರ್ ಇದೆ.

ನೋವು ಎಷ್ಟೆಂದು ಬರೆದಿಡಿ ಎಂದು ಫಿಸಿಯೋ ಮಾಡುವ ರೊವೆನಾ ಹೇಳಿದ್ದಾಳೆ. ಅದಕ್ಕೇ ಈ ಪುಸ್ತಕ. ಯಾರಿಗೂ ತೋರಿಸುವುದಿಲ್ಲ.

ಆಗಸ್ಟ್ 28

ಆಯಿತು. ಈ ಕಾಲು ನನ್ನದು ಅನ್ನಿಸುತ್ತಿಲ್ಲ. ಹಾಗೆ ನೋಡಿದರೆ ಇನ್ನು ಮೇಲೆ ಪೂರ್ತಿ ನನ್ನದಲ್ಲವೂ ಹೌದು.

ನೋವು: ಇಲ್ಲ. (ಮಾತ್ರೆ ಕೊಟ್ಟಿದ್ದಾರೆ.)

ಆಗಸ್ಟ್ 29

ಮಾತ್ರೆಯ ಪರಿಣಾಮ ಇಳಿಯಿತು. ಇವತ್ತು ಬರೆಯುವುದಿಲ್ಲ.

ಸೆಪ್ಟೆಂಬರ್ 7, ಭಾನುವಾರ

ತೊಡೆಯಿಂದ ಪಾದದ ಮೇಲಿನವರೆಗೆ ಕಟ್ಟಿದ ಬ್ರೇಸು. ಸೋಫಾದಿಂದ ಪಾಯಿಖಾನೆಗೆ, ಪಾಯಿಖಾನೆಯಿಂದ ಸೋಫಾಗೆ. ಅಮ್ಮ ಇಡೀ ಊರಿಗಾಗುವಷ್ಟು ಎಲೆಕೋಸಿನ ಸುರುಳಿ ಮಾಡಿ ಕಳಿಸಿದ್ದಾಳೆ. ನೋಡಲು ಬಂದವರೆಲ್ಲ ಮೊದಲು ಮೊಣಕಾಲು ನೋಡುತ್ತಾರೆ, ಆಮೇಲೆ ಸುರುಳಿ ತಿನ್ನುತ್ತಾರೆ, ಆಮೇಲೆ ಹೊರಡುತ್ತಾರೆ. ನನ್ನ ಮುಖ ನೋಡಿದವರು ಕಡಿಮೆ.

ಇವತ್ತು ಟ್ರೆವರ್ ಬಂದಿದ್ದ. ಜೋಲೀನ್‌ನ ತಮ್ಮ. ನಮ್ಮ ತಂಡದಲ್ಲಿ ಮೊದಲ ಕಲ್ಲು ಬಿಡುವವನು. ಮೊದಲ ಕಲ್ಲು ಎಲ್ಲಿಗೆ ಹೋದರೂ ದೊಡ್ಡ ನಷ್ಟವಿಲ್ಲ, ಅದಕ್ಕೇ ಅದನ್ನು ಅವನಿಗೆ ಕೊಟ್ಟಿರುವುದು. ಬಂದವನೇ ನನ್ನ ಕುರ್ಚಿಯಲ್ಲಿ ಕೂತ.

"ಸತ್ತವರದ್ದಂತೆ?"

"ಹೂಂ."

"ಯಾರದ್ದು?"

"ಹೇಳಲ್ಲ. ಕಾನೂನು."

"ಹಾಕಿ ಆಡೋನದ್ದಿರಬಹುದು ಕಣೋ."

ಈ ಮಾತು ನನಗೂ ಹೊಳೆದಿತ್ತು. ಅಳತೆ ನೋಡಿದರೆ ಗಟ್ಟಿ ಆಳೇ ಇರಬೇಕು. ಅಷ್ಟರಲ್ಲಿ ಜೋಲೀನ್ ಅಡುಗೆಮನೆಯಿಂದ, "ಲೈಬ್ರರಿ ನೋಡ್ಕೊಳ್ಳೋ ಹೆಂಗಸಿಂದೂ ಇರಬಹುದು" ಎಂದಳು. ಇಂಥ ಮಾತನ್ನು ಗಾಯ ಮಾಯುವ ಹೊತ್ತಿನಲ್ಲಿ ಆಡಬೇಡ ಎಂದೆ.

ಟ್ರೆವರ್ ಒಂದು ಸುರುಳಿ ಬಾಯಿಗಿಟ್ಟುಕೊಂಡು ಕೇಳಿದ: "ಅಂದ್ಹಾಗೆ ಈ ಸೀಸನ್ನಿಗೆ ನಾಯಕ ಯಾರು?"

"ನಾನೇ. ನಾನು ಬರೋವರೆಗೆ ಆ ಜಾಗದಲ್ಲಿ ನೀನು ನಿಂತಿರು. ಏನನ್ನೂ ಬದಲಾಯಿಸಬೇಡ."

"ಏನನ್ನ?"

"ನಮ್ಮ ತಂತ್ರಾನ."

ಅವನು ಅಗಿಯುವುದನ್ನು ನಿಲ್ಲಿಸಿದ. "ನಮಗೆ ತಂತ್ರ ಇತ್ತಾ?"

ಪಾಪದವನು. ಇವನ ಕೈಯಲ್ಲಿ ತಂಡ ಕ್ರಿಸ್‌ಮಸ್ಸಿನವರೆಗೂ ಉಳಿಯುವುದಿಲ್ಲ.

ಅಕ್ಟೋಬರ್ 14

ಊರುಗೋಲು ಬಿಟ್ಟೆ.

ರೊವೆನಾ ಫಿಲಿಪೀನ್ಸ್‌ನಿಂದ ಬಂದ ಪುಟ್ಟ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ. ಆದರೆ ಮೊಣಕಾಲನ್ನು ಹಿಡಿದು ಮಡಚಿದಳೆಂದರೆ ಸತ್ತವನಿಗೂ ಎಚ್ಚರವಾಗಬೇಕು. ಸತ್ತವನ ಒಂದು ತುಣುಕು ಅಲ್ಲಿ ಇದೆ ಬೇರೆ.

"ನೋವೆಷ್ಟಿದೆ ಡಾರ್ಸಿ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

"ಸೊನ್ನೆ."

"ಮತ್ತೆ ಮುಖ ಯಾಕೆ ಹಾಗಾಗಿದೆ?"

"ನನ್ನ ಮುಖ ಇರೋದೇ ಹೀಗೆ."

ಅವಳು ಇನ್ನೊಂದಿಷ್ಟು ಮಡಚಿದಳು. ನಾನು ಕಿಟಕಿಯಾಚೆ ಯಾರದೋ ಟ್ರಕ್ಕಿನ ಚಕ್ರಗಳನ್ನು ನೋಡುತ್ತ ಅದರ ಪ್ರತಿ ಬಿಡಿಭಾಗದ ಹೆಸರನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ಈ ವಿಧಾನ ಒಳ್ಳೆಯದು. ಆಕ್ಸಲ್‌ವರೆಗೆ ಬಂದಾಗ ಕಣ್ಣಲ್ಲಿ ನೀರು ಬಂತು, ಅದು ಗಾಳಿಗೆ.

ಅಕ್ಟೋಬರ್ 25, ಶನಿವಾರ

ಕ್ಲಬ್ಬು ತೆರೆಯಿತು. ನಾನು ನೋಡುವವರ ಕೋಣೆಯ ಗಾಜಿನ ಹಿಂದೆ ಕಾಫಿ ಹಿಡಿದು ಕೂತಿದ್ದೆ.

ನಮ್ಮ ತಂಡ ಗೆದ್ದಿತು. ಎದುರಿನವರ ತಂಡದಲ್ಲಿ ಒಬ್ಬನಿಗೆ ನೆಗಡಿಯಿತ್ತು.

ನವೆಂಬರ್ 1

ಮತ್ತೆ ಗೆದ್ದಿತು. ಮಂಜುಗಡ್ಡೆ ಈ ವರ್ಷ ತೀರಾ ಚೆನ್ನಾಗಿದೆ. ಇಂಥ ಮಂಜುಗಡ್ಡೆಯ ಮೇಲೆ ಕಲ್ಲು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ.

ನವೆಂಬರ್ 6

ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಫೋನು ಮಾಡಿದ್ದಳು. ಮೆತ್ತೆ ಹಾಕಿಸಿಕೊಂಡವರ ಫಲಿತಾಂಶದ ಅಧ್ಯಯನವಂತೆ, ನಾನೂ ಅದರಲ್ಲಿ ಸೇರಿದ್ದೇನಂತೆ. ಉತ್ತರಗಳಿಗೆ ಅಂಕವಿದೆ, ಒಟ್ಟು ನೂರು. ಇದನ್ನು ಮೊದಲೇ ಹೇಳಬೇಡವೇ? ಸೋಫಾದಲ್ಲಿ ನೆಟ್ಟಗೆ ಕೂತೆ.

"ಮೆಟ್ಟಿಲು ಇಳೀವಾಗ ತೊಂದರೆ ಆಗತ್ತಾ ಸರ್?"

"ಇಲ್ಲ."

"ಕಂಬಿ ಹಿಡ್ಕೊಂಡು ಇಳೀತಾನೆ, ಹಿಮ್ಮುಖವಾಗಿ" ಎಂದಳು ಜೋಲೀನ್, ಬಟ್ಟೆ ಮಡಚುತ್ತ.

"ಕುಕ್ಕರಿಸಿ ಕೂತ್ಕೊಳ್ಳೋಕೆ?"

"ಯಾವ ತೊಂದರೆಯೂ ಇಲ್ಲ." ಕುಕ್ಕರಿಸಬಾರದೆಂದು ಡಾಕ್ಟರೇ ಹೇಳಿರುವುದರಿಂದ ನಾನು ಕುಕ್ಕರಿಸಿಲ್ಲ. ಕುಕ್ಕರಿಸದಿದ್ದವನಿಗೆ ತೊಂದರೆ ಎಲ್ಲಿಂದ?

"ಪಾಯಿಖಾನೆಯಿಂದ ಏಳೋವಾಗ ಅವನ ಕೂಗು ಪಕ್ಕದ ಮನೆಗೆ ಕೇಳತ್ತೆ ಅಂತ ಹೇಳು" ಎಂದಳು ಜೋಲೀನ್.

"ಹಿಂದೆ ಯಾರೋ ಮಾತಾಡ್ತಿದಾರೆ ಸರ್."

"ಟೀವಿ."

ತೊಂಬತ್ತಾರು ಬಂತು. ಮೂರು ತಿಂಗಳೊಳಗೆ ಇಷ್ಟು ಅಂಕ ಬಂದವರು ಅಪರೂಪವಂತೆ. ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ಹೇಳಿದೆ. ಜೋಲೀನ್ ಉಪ್ಪಿನ ಡಬ್ಬಿ ಕೊಡು ಎಂದಳು, ಏಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಅವಳೇ ಎದ್ದು ತೆಗೆದುಕೊಂಡಳು.

ನವೆಂಬರ್ 18, ಮಂಗಳವಾರ

ಹೆಚ್ಚು ಹೊತ್ತು ನಿಲ್ಲಬಾರದೆಂದು ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಕೊಟ್ಟಿದ್ದಾರೆ. ಮಧ್ಯಾಹ್ನ ಮಾಡಲು ಏನೂ ಇಲ್ಲ. ಕ್ಲಬ್ಬಿಗೆ ಹೋದೆ. ಮಂಗಳವಾರ ಮಧ್ಯಾಹ್ನ ಅಲ್ಲಿ ಮುದುಕರ ಕೂಟ. ಬಗ್ಗಲಾರದವರು, ಸೊಂಟ ಬದಲಾಯಿಸಿಕೊಂಡವರು, ಮೊಣಕಾಲು ಬದಲಾಯಿಸಿಕೊಂಡವರು. ಕಲ್ಲಿನ ಹಿಡಿಗೆ ಉದ್ದನೆಯ ಕೋಲು ಸಿಕ್ಕಿಸಿ, ನಿಂತುಕೊಂಡೇ ತಳ್ಳುತ್ತಾರೆ. ಜಾರುವುದಿಲ್ಲ, ಕಲ್ಲಿನ ಮುಂದೆ ಪೊರಕೆ ಹಿಡಿದು ಗುಡಿಸುವುದಿಲ್ಲ, ಒಂದು ಪಕ್ಷಕ್ಕೆ ಇಬ್ಬರೇ. ಇದನ್ನೂ ಕರ್ಲಿಂಗ್ ಅನ್ನುತ್ತಾರೆ. ನಾನು ಕೋಲಾಟ ಅನ್ನುತ್ತೇನೆ.

ಅವರಲ್ಲೆಲ್ಲ ಗದ್ದಲ ಹೆಚ್ಚು ನೆಟ್ಟಿ ಕೊಸ್ಟಿನ್ಯುಕ್ ಎಂಬ ಮುದುಕಿಯದು. ಎಂಬತ್ತು ದಾಟಿದೆ, ಚರ್ಚಿನ ಅಡುಗೆಮನೆಯನ್ನೂ ಕ್ಲಬ್ಬಿನ ಅಡುಗೆಮನೆಯನ್ನೂ ಅವಳೇ ಆಳುತ್ತಾಳೆ. ಗಾಜಿನ ಹತ್ತಿರ ಬಂದು ನನ್ನನ್ನೂ ನನ್ನ ಕಾಲನ್ನೂ ನೋಡಿದಳು.

"ವೊಲೊಚುಕ್ ಮನೆ ಹುಡುಗ ಅಲ್ವಾ ನೀನು? ಜಾರೋನು?"

"ಹೌದು."

"ಬಾ, ಕೋಲು ಕೊಡ್ತೀನಿ."

"ಬೇಡ, ಥ್ಯಾಂಕ್ಸ್. ನಾನು ಜನವರಿಗೆ ನಮ್ಮ ತಂಡಕ್ಕೆ ವಾಪಸು ಹೋಗ್ತೀನಿ."

"ಅಲ್ಲೀವರೆಗೆ ಗಾಜು ಒರೆಸ್ತಿರ್ತೀಯಾ?"

ನನ್ನ ಉಸಿರಿನ ಹಬೆ ಗಾಜಿನ ಮೇಲೆ ಕೂತಿದ್ದನ್ನು ನೋಡಿ ಆಡಿದ ಮಾತು. ವಯಸ್ಸಾದವರೆಂದು ಸುಮ್ಮನಾದೆ.

ಡಿಸೆಂಬರ್ 2

ಮಂಗಳವಾರ. ಕಾಫಿಗೆಂದು ಹೋಗಿದ್ದೆ. ಮುದುಕರ ಆಟದಲ್ಲಿ ತಪ್ಪುಗಳು ಎಷ್ಟಿವೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಒಳಗೆ ಹೋಗಿ ಒಂದೆರಡು ಸಲಹೆ ಕೊಟ್ಟೆ. ನೆಟ್ಟಿ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಕಿವಿಗೆ ಮಿಷನ್ ಹಾಕಿರ್ಲಿಲ್ಲ, ಮತ್ತೊಂದ್ಸಲ ಹೇಳು" ಎಂದಳು. ಮತ್ತೊಮ್ಮೆ ಹೇಳಿದೆ. "ಮಿಷನ್ ಹಾಕಿದ್ರೂ ಅಷ್ಟೇ" ಎಂದು ನನಗೆ ಬೆನ್ನು ತಿರುಗಿಸಿ ತನ್ನ ಕಲ್ಲು ತಳ್ಳಿದಳು. ಕಲ್ಲು ನಡುವೃತ್ತದ ಚುಕ್ಕೆಯ ಮೇಲೆ ಹೋಗಿ ಕೂತಿತು.

ಅದೃಷ್ಟ.

ಡಿಸೆಂಬರ್ 9

ಅಜ್ಜಿಯ ಜೊತೆಗಾರ ವಾಲ್ಟರ್ ಮಗಳ ಮನೆಯಲ್ಲಿರಲು ಬ್ರಾಂಡನ್‌ಗೆ ಹೋದನಂತೆ. ಜೊತೆಗಾರನಿಲ್ಲದಿದ್ದರೆ ಅಜ್ಜಿಯೂ ಕೂರಬೇಕು. ಮುಖ ಸಪ್ಪಗಿತ್ತು. ಇವತ್ತೊಂದು ದಿನಕ್ಕೆ ಎಂದು ಸ್ಪಷ್ಟವಾಗಿ ಹೇಳಿ ಕೋಲು ಹಿಡಿದೆ.

ಸೋತೆವು. ನನ್ನಿಂದಲೇ ಸೋತೆವು ಎಂದು ಅವಳ ಅಭಿಪ್ರಾಯ. ಎದುರಿಗಿದ್ದವರು ಒಬ್ಬ ನಿವೃತ್ತ ಪಾದ್ರಿ, ಇನ್ನೊಬ್ಬ ಎದೆಯಲ್ಲಿ ಪೇಸ್‌ಮೇಕರ್ ಇರುವವನು.

"ಕೋಲನ್ನ ಕೋವಿ ಹಿಡಿದಹಾಗೆ ಹಿಡೀಬೇಡ" ಎಂದಳು. "ಮಗು ಗಾಡಿ ತಳ್ತೀವಲ್ಲ, ಹಾಗೆ ತಳ್ಳು. ಮಗೂಗೆ ಎಚ್ಚರ ಆಗಬಾರದು."

"ನಾನು ಇಪ್ಪತ್ತು ವರ್ಷದಿಂದ ಆಡ್ತಿದೀನಿ, ಮಿಸೆಸ್ ಕೊಸ್ಟಿನ್ಯುಕ್."

"ಹಾಗಾದ್ರೆ ಇಷ್ಟು ಹೊತ್ತಿಗೆ ಕಲಿತಿರಬೇಕಿತ್ತು."

ಗುರುವಾರವೂ ಆಟವಿದೆಯಂತೆ. ಸೋತು ಬಿಟ್ಟುಬಿಟ್ಟೆ ಎಂದಾಗಬಾರದು, ಅದೊಂದು ದಿನ ಹೋಗಿ ಮುಗಿಸುತ್ತೇನೆ.

ಡಿಸೆಂಬರ್ 30

ನಡೆದಾಡುವುದು ಮೊಣಕಾಲಿಗೆ ಒಳ್ಳೆಯದೆಂದು ರೊವೆನಾ ಹೇಳಿದ್ದಾಳೆ. ಕೋಲಾಟದಲ್ಲಿ ಪ್ರತಿ ಕಲ್ಲಿನ ಹಿಂದೆಯೂ ಒಂದಿಷ್ಟು ಹೆಜ್ಜೆ ನಡೆಯಬೇಕು. ಆದ್ದರಿಂದ ಹೋಗುತ್ತಿದ್ದೇನೆ. ಇದು ಚಿಕಿತ್ಸೆ.

ಪಾದ್ರಿಯನ್ನೂ ಪೇಸ್‌ಮೇಕರನ್ನೂ ಸೋಲಿಸಿದೆವು. ಪಾದ್ರಿ ಸೋತಾಗ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಜನವರಿ 10, ಶನಿವಾರ

ಟ್ರೆವರ್‌ನ ತಂಡ ವಲಯ ಪಂದ್ಯ ಗೆದ್ದಿತು. ಪ್ರಾಂತ್ಯದ ಪಂದ್ಯಕ್ಕೆ ಹೋಗುತ್ತದೆ. ನಾನು ನಾಯಕನಾಗಿದ್ದ ಕಾಲದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಆಗ ಸ್ಪರ್ಧೆ ಕಠಿಣವಿತ್ತು.

ಕ್ಲಬ್ಬಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು, ತಟ್ಟಿದ ಕೈಯಲ್ಲೇ ನನ್ನ ಬೆನ್ನನ್ನೂ ತಟ್ಟಿ "ನಿನ್ನ ಕಾಲು ಹೇಗಿದೆ" ಎಂದರು. ಟ್ರೆವರ್ ಬಿಯರ್ ಹಿಡಿದು ಬಂದು ಹೇಳಿದ: "ನೀನು ಹೇಳಿದ್ಯಲ್ಲ, ಏನೂ ಬದಲಾಯಿಸಬೇಡ ಅಂತ. ನಾನು ಕೊನೇ ಕಲ್ಲನ್ನ ಸ್ವಲ್ಪ ನಿಧಾನಕ್ಕೆ ಬಿಡ್ತೀನಿ, ಅಷ್ಟೇ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದೇ ತಡೆಯಲಾಗದ್ದು.

ಮನೆಗೆ ಬಂದ ಮೇಲೆ ಜೋಲೀನ್, "ಬೇಜಾರಾ?" ಎಂದಳು. ಇಲ್ಲ ಎಂದೆ. ಅವಳು ನನ್ನ ಕಾಲಿನ ಕೆಳಗೆ ದಿಂಬು ಇಟ್ಟು ಹೋದಳು.

ಜನವರಿ 12, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಕ್ಲಬ್ಬಿಗೆ ಹೋದೆ. ಬೀಗದ ಕೈ ನನ್ನ ಹತ್ತಿರ ಇನ್ನೂ ಇದೆ. ಆ ಹೊತ್ತಿಗೆ ಯಾರೂ ಇರುವುದಿಲ್ಲ. ಒಂದೇ ಒಂದು ಸಲ ಜಾರಿ ನೋಡಬೇಕೆನ್ನಿಸಿತ್ತು. ತೊಂಬತ್ತಾರು ಅಂಕದ ಕಾಲು.

ಕೆಳಗೆ ಕೂರುವಾಗಲೇ ಗೊತ್ತಾಗಬೇಕಿತ್ತು. ಬಲಗಾಲಿನಿಂದ ಒದ್ದು ಜಾರಿದೆ. ಎಡ ಮೊಣಕಾಲಿನೊಳಗೆ ಏನೋ ಹಿಡಿದುಕೊಂಡಂತಾಯಿತು. ಪಕ್ಕಕ್ಕೆ ಉರುಳಿದೆ. ಕಲ್ಲು ನನ್ನನ್ನು ಬಿಟ್ಟು ತನ್ನ ಪಾಡಿಗೆ ಮುಂದೆ ಹೋಯಿತು. ಏಳಲು ನೋಡಿದರೆ ಕಾಲು ನೆಟ್ಟಗಾಗುತ್ತಿಲ್ಲ. ಫೋನು ಕೋಟಿನ ಜೇಬಿನಲ್ಲಿ, ಕೋಟು ಗೂಟದ ಮೇಲೆ.

ಮಂಜುಗಡ್ಡೆಯ ಮೇಲೆ ಮಲಗಿಕೊಂಡು ಆ ಮೆತ್ತೆಯನ್ನು ಬೈದೆ. ಗಟ್ಟಿಯಾಗಿಯೇ ಬೈದೆ. ದರಿದ್ರ ಬಿಡಿಭಾಗ, ಯಾವ ಕೈಲಾಗದವನ ಕಾಲಿನಿಂದ ಕಿತ್ತು ತಂದರೋ, ಹೆಣದ ಮಾಲು, ಇನ್ನೂ ಏನೇನೋ.

"ಯಾರನ್ನ ಬೈತಿದೀಯಾ?"

ನೆಟ್ಟಿ ಅಜ್ಜಿ. ಸೋಮವಾರ ಸೂಪು ಮಾಡಲು ಬೇಗ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಸಿಪ್ಪೆ ಸುಲಿಯುವ ಚಾಕು ಇತ್ತು.

"ಮೊಣಕಾಲನ್ನ" ಎಂದೆ.

ಹತ್ತಿರ ಬಂದು ನೋಡಿದಳು. ಎತ್ತಲು ಅವಳ ಕೈಲಾಗುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಫೋನು ತಂದು ಜೋಲೀನ್‌ಗೆ ತಾನೇ ಹೇಳಿದಳು. ಆಮೇಲೆ ತನ್ನ ಕೋಟು ತೆಗೆದು ನನ್ನ ಮೇಲೆ ಹೊದಿಸಿ, ಒಂದು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಜಾರೋಕೆ ಹೋಗಿದ್ಯಾ?"

ಅವಳ ಕೋಟನ್ನು ಗದ್ದದವರೆಗೆ ಎಳೆದುಕೊಂಡೆ.

"ನಮ್ಮ ಪೀಟರ್ ಗೊತ್ತಲ್ಲ ನಿನಗೆ. ನನ್ನ ಮಗಳ ಮಗ."

ಗೊತ್ತಿತ್ತು. ಹಿಮದ ಬೈಕಿನಲ್ಲಿ ಹೋಗುವಾಗ ಸರೋವರದ ಅಂಚಿನಲ್ಲಿ ಅಪಘಾತವಾಗಿ ತೀರಿಕೊಂಡ ಹುಡುಗ. ಒಂಬತ್ತು ವರ್ಷವಾಯಿತು. ಸಾವಿಗೆ ಇಡೀ ಊರು ಹೋಗಿತ್ತು, ನಾನೂ ಹೋಗಿದ್ದೆ.

"ಆಸ್ಪತ್ರೇಲಿ ಕೇಳಿದ್ರು" ಎಂದಳು. "ಮಗಳ ಕೈಲಿ ಮಾತಾಡೋಕಾಗ್ಲಿಲ್ಲ. ನಾನೇ ಹೇಳಿದೆ, ತಗೊಳ್ಳಿ ಅಂತ. ಕಣ್ಣು ತಗೊಂಡ್ರು. ಚರ್ಮ ತಗೊಂಡ್ರು. ಎಲುಬು, ಮೊಣಕಾಲಿಂದು, ಏನೇನೋ ಹೆಸರು ಹೇಳಿದ್ರು, ನನಗೆ ನೆನಪಿಲ್ಲ. ಎಲ್ಲಾದಕ್ಕೂ ಹೂಂ ಅಂದೆ."

"ನನ್ನದು ಅವನದಲ್ಲ" ಎಂದೆ. "ಅಷ್ಟು ವರ್ಷ ಇಟ್ಕೊಳ್ಳೋಕಾಗಲ್ಲ."

"ನಿನ್ನದು ಅವನದಲ್ಲ ಅಂತ ನನಗೂ ಗೊತ್ತು. ನಾನೇನು ಹುಚ್ಚಿಯಾ?" ಎಂದಳು. ಸ್ವಲ್ಪ ಹೊತ್ತು ಆ ಮುಂದೆ ಹೋಗಿ ನಿಂತಿದ್ದ ಕಲ್ಲನ್ನು ನೋಡಿದಳು. "ಆದ್ರೂ ಬೈಬೇಡ ಅದನ್ನ. ಯಾರ ಮನೇಲೋ ಯಾರೋ ಹೂಂ ಅಂದಿರ್ತಾರೆ."

ಜೋಲೀನ್ ಬರುವವರೆಗೆ ಅಜ್ಜಿ ಆಲೂಗಡ್ಡೆ ತಂದು ಕೂತಲ್ಲೇ ಸುಲಿದಳು.

ಜನವರಿ 13

ಬಾತುಕೊಂಡಿದೆ. ನೋವು ಎಂಟು. ರೊವೆನಾಗೆ ಎಂಟು ಎಂದೇ ಹೇಳಿದೆ. ಅವಳು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 16

ವಿನ್ನಿಪೆಗ್. ಎಂಆರ್‌ಐ ಮಾಡಿದರು. ಡಾಕ್ಟರ್ ತಿಬೊಡೋ ಪರದೆಯನ್ನು ನೋಡಿ ಅರಳಿದರು. "ತುಂಬ ಚೆನ್ನಾಗಿದೆ. ಎಷ್ಟು ಚೆನ್ನಾಗಿ ಕೂತಿದೆ ನೋಡಿ." ಇದನ್ನೆಲ್ಲ ಪರದೆಗೆ ಹೇಳಿದರು. ಮೆತ್ತೆ ಹರಿದಿಲ್ಲ, ನೀರು ತುಂಬಿಕೊಂಡಿತ್ತು, ಅಷ್ಟೇ. ಹೊರಡುವಾಗ ನನ್ನ ಕಡೆ ತಿರುಗಿ, "ಹೇಗಾಯ್ತು ಇದು?" ಎಂದರು.

"ಟ್ರಕ್ಕಿಂದ ಇಳೀವಾಗ ಜಾರಿದೆ" ಎಂದೆ.

ಜೋಲೀನ್ ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ದಾರಿಯುದ್ದಕ್ಕೂ ಹಿಮಗಾಳಿ. ಆ ಮನೆ ಯಾವುದಿರಬಹುದು, ಹೂಂ ಎಂದವರು ಅಮ್ಮನೋ ಹೆಂಡತಿಯೋ ಎಂದು ಯೋಚನೆ ಬಂತು. ಲೈಬ್ರರಿಯವಳಾಗಿದ್ದರೂ ಪರವಾಗಿಲ್ಲ.

ಫೆಬ್ರವರಿ 3

ಪ್ರಾಂತ್ಯದ ಪಂದ್ಯದಲ್ಲಿ ಟ್ರೆವರ್‌ನ ತಂಡ ಮೊದಲ ಸುತ್ತಿನಲ್ಲೇ ಸೋತಿತಂತೆ. ಟೀವಿಯಲ್ಲಿ ತೋರಿಸಿದರಂತೆ. ಮಂಗಳವಾರವಾದ್ದರಿಂದ ನನಗೆ ನೋಡಲಾಗಲಿಲ್ಲ.

ನಾವು ಗೆದ್ದೆವು. ಕೊನೆಯ ಕಲ್ಲನ್ನು ನೆಟ್ಟಿ ನನಗೇ ಬಿಟ್ಟುಕೊಟ್ಟರು. ಮಗುವಿಗೆ ಎಚ್ಚರವಾಗಲಿಲ್ಲ.

ಮಾರ್ಚ್ 26

ಸೀಸನ್ ಮುಗಿಯಿತು. ಪಾದ್ರಿ, ಪೇಸ್‌ಮೇಕರ್, ನೆಟ್ಟಿ ಎಲ್ಲರಿಗೂ ಅಮ್ಮ ಕಳಿಸಿದ ಪೆರೋಗಿ ಕಡುಬು ಹಂಚಿದೆ. ಹಿಟ್ಟು ದಪ್ಪವಾಯಿತೆಂದು ನೆಟ್ಟಿ ಹೇಳಿದರು, ಆರು ತಿಂದರು. ಬೇಸಿಗೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. "ಚಳಿಗಾಲಕ್ಕೆ ಕಾಯ್ತೀನಿ" ಎಂದರು.

ಜುಲೈ 11

ನೆಟ್ಟಿಯ ಮನೆಯ ಮೆಟ್ಟಿಲು ಕುಸಿದಿತ್ತು, ಸರಿ ಮಾಡಿಕೊಟ್ಟೆ. ಒಂದು ಮಧ್ಯಾಹ್ನದ ಕೆಲಸ. ಅವರು ನೆರಳಿನಲ್ಲಿ ಕೂತು ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ಹೇಳುತ್ತಿದ್ದರು. ಮೊಣಕಾಲಿನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 1

ವರ್ಷದ ತಪಾಸಣೆ. ಡಾಕ್ಟರ್ ತಿಬೊಡೋ ಮೂರು ಜನ ಕಲಿಯುವ ಡಾಕ್ಟರುಗಳನ್ನು ಕರೆದುಕೊಂಡು ಬಂದು ನನ್ನ ಮೊಣಕಾಲನ್ನು ತೋರಿಸಿದರು. "ಅತ್ಯುತ್ತಮ ಫಲಿತಾಂಶ" ಎಂದರು. ಅಧ್ಯಯನದ ಹುಡುಗಿಯೂ ಬಂದಿದ್ದಳು. ಈ ಸಲ ಎಪ್ಪತ್ತೊಂಬತ್ತು ಬಂತು.

"ಹೋದ ಸಲ ತೊಂಬತ್ತಾರಿತ್ತಲ್ಲ ಸರ್" ಎಂದು ಅವಳು ಪೆಚ್ಚಾದಳು. "ಕಡಿಮೆಯಾಗಿಬಿಟ್ಟಿದೆ."

"ಆಗ ಕಾಲು ಸರಿ ಇರ್ಲಿಲ್ಲ" ಎಂದೆ.

ಅದನ್ನು ಎಲ್ಲಿ ಬರೆದುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಆಟದ ಬಗ್ಗೆ ಡಾಕ್ಟರು ತಾವಾಗಿಯೇ ಹೇಳಿದರು. "ನೀವು ಜಾರಬಹುದು. ಪೂರ್ತಿ ತಗ್ಗಬೇಡಿ. ಅಷ್ಟು ಮಡಚಿದಾಗಲೆಲ್ಲ ಮೆತ್ತೆಯ ಆಯಸ್ಸು ಚೂರು ಚೂರು ಕಡಿಮೆ ಆಗಬಹುದು, ಆಗದೇನೂ ಇರಬಹುದು. ನಿರ್ಧಾರ ನಿಮ್ಮದು."

ಕಾರಿನಲ್ಲಿ ಜೋಲೀನ್ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳೇನೋ. ದಾರಿಯಲ್ಲಿ ಒಳ್ಳೆಯ ಜೋಳ ಮಾರುತ್ತಿದ್ದರು, ನಿಲ್ಲಿಸಿ ಕೊಂಡೆವು.

ಅಕ್ಟೋಬರ್ 20, ಮಂಗಳವಾರ

ಇವತ್ತು ಬೇಗ ಹೋಗಿದ್ದೆ. ಯಾರೂ ಬಂದಿರಲಿಲ್ಲ. ಕೂತು, ಜಾರಿದೆ. ಮೊದಲಿನಷ್ಟು ತಗ್ಗಲಿಲ್ಲ, ಆದರೂ ಜಾರಿದೆ. ಕಲ್ಲು ಹೋಗಬೇಕಾದಲ್ಲಿಗೆ ಹೋಯಿತು. ಎದ್ದು ನಿಂತೆ, ಯಾವುದನ್ನೂ ಹಿಡಿದುಕೊಳ್ಳದೆ.

ಇದಕ್ಕಾಗಿ ಎಷ್ಟು ದಿನ ಕಾದಿದ್ದೆ. ಇನ್ನೊಂದು ಸಲ ಮಾಡೋಣವೆಂದುಕೊಳ್ಳುವಷ್ಟರಲ್ಲಿ ನೆಟ್ಟಿ ಬಂದರು, ಹೊಸ ಕೋಲು ತೋರಿಸಿದರು. ಮಗಳು ಕಳಿಸಿದ್ದಂತೆ. ಹಗುರವಾಗಿದೆ, ಹಿಡಿಯೂ ಚೆನ್ನಾಗಿದೆ. ನನಗೂ ಅಂಥದ್ದೊಂದು ತರಿಸಬೇಕು.

ಜಾರಿದ್ದನ್ನು ಹೇಳಲು ಮರೆತುಹೋಯಿತು.

ನವೆಂಬರ್ 23

ಟ್ರೆವರ್ ಮನೆಗೆ ಬಂದ. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರವೇ ಟೋಪಿ ತಿರುವುತ್ತ ನಿಂತ. ತಂಡದ ಒಬ್ಬ ಆಲ್ಬರ್ಟಾಕ್ಕೆ ಕೆಲಸಕ್ಕೆ ಹೋಗಿದ್ದಾನೆ. ಶನಿವಾರ ದೊಡ್ಡ ಪಂದ್ಯ.

"ನೀನು ವಾಪಸು ಬಾ. ನಾಯಕನ ಜಾಗ ನಿನ್ನದೇ. ನಾನು ಮತ್ತೆ ಮೊದಲನೇ ಕಲ್ಲು ಬಿಡ್ತೀನಿ, ನನಗೇನೂ ಬೇಜಾರಿಲ್ಲ. ನೀನಿಲ್ದೆ ಆಗಲ್ಲ ಕಣೋ ಡಾರ್ಸಿ."

ಈ ಮಾತನ್ನು ಅವನ ಬಾಯಲ್ಲಿ ಕೇಳಬೇಕೆಂದು ಹೋದ ವರ್ಷ ಸೋಫಾದಲ್ಲಿ ಮಲಗಿ ಎಷ್ಟು ಸಲ ಕನಸು ಕಂಡಿದ್ದೇನೋ. ಕನಸಿನಲ್ಲಿ ಅವನು ಇನ್ನೂ ಸ್ವಲ್ಪ ಬಗ್ಗಿರುತ್ತಿದ್ದ.

ನಾಳೆ ಹೇಳುತ್ತೇನೆ ಎಂದೆ.

ಶನಿವಾರವೇ ಪೋರ್ಟೇಜ್‌ನಲ್ಲಿ ಕೋಲಾಟದವರ ಪ್ರಾಂತ್ಯ ಪಂದ್ಯ. ನೆಟ್ಟಿ ಸೆಪ್ಟೆಂಬರ್‌ನಲ್ಲೇ ನಮ್ಮಿಬ್ಬರ ಹೆಸರು ಕೊಟ್ಟಿದ್ದಾರೆ. ವಾಲ್ಟರ್ ಬ್ರಾಂಡನ್‌ನಿಂದ ನೋಡಲು ಬರುತ್ತಾನಂತೆ. ಅವನ ಮುಂದೆ ಮರ್ಯಾದೆ ತೆಗೀಬೇಡ ಎಂದು ಆಗಲೇ ಮೂರು ಸಲ ಹೇಳಿದ್ದಾರೆ.

ನವೆಂಬರ್ 24

ಟ್ರೆವರ್‌ಗೆ ಫೋನು ಮಾಡಿದೆ.

"ಆಗಲ್ಲ ಕಣಯ್ಯ. ಮೊಣಕಾಲು ಬಹಳ ನೋಯ್ತಿದೆ."

"ಹೌದಾ? ಎಷ್ಟು?"

"ಎಂಟಿರಬಹುದು. ಹತ್ತಕ್ಕೆ."

ಅವನು ನಿಜವಾಗಿಯೂ ನೊಂದುಕೊಂಡ. "ಅಷ್ಟೆಲ್ಲ ಕಷ್ಟಪಟ್ಟು ಆಪರೇಷನ್ ಮಾಡಿಸ್ಕೊಂಡು ಹೀಗಾಯ್ತಲ್ಲ. ಹಾಗಾದ್ರೆ ಅದು ಹಿಡೀಲಿಲ್ಲ ಅನ್ನು."

"ಏನ್ಮಾಡೋದು. ಎಲ್ರಿಗೂ ಹಿಡಿಯಲ್ಲವಂತೆ."

ಜೋಲೀನ್ ಎದುರಿಗೇ ಕೂತು ಪತ್ರಿಕೆ ಓದುತ್ತಿದ್ದಳು. ಪುಟ ತಿರುಗಿಸಲಿಲ್ಲ. ಫೋನು ಇಟ್ಟ ಮೇಲೆ, "ಶನಿವಾರಕ್ಕೆ ಸ್ಯಾಂಡ್‌ವಿಚ್ ಎಷ್ಟು ಜನಕ್ಕೆ ಮಾಡ್ಲಿ?" ಎಂದಳು.

"ಇಬ್ಬರಿಗೆ. ನೆಟ್ಟಿಗೆ ಮೊಟ್ಟೇದು."

ನವೆಂಬರ್ 27, ಶುಕ್ರವಾರ

ನನ್ನ ಆಪರೇಷನ್ ವಿಫಲವಾದ ಸುದ್ದಿ ಊರೆಲ್ಲ ಹಬ್ಬಿದೆ. ಅಂಗಡಿಯ ಕೌಂಟರಿನಲ್ಲಿ ಇಬ್ಬರು ರೈತರು ಸಂತಾಪ ಹೇಳಿದರು. ಒಬ್ಬನಂತೂ ತನ್ನ ಭಾವನೂ ಅದನ್ನೇ ಮಾಡಿಸಿಕೊಳ್ಳಬೇಕೆಂದಿದ್ದ, ಈಗ ಬೇಡ ಎನ್ನುತ್ತೇನೆ ಎಂದ. ಅವನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ, ಯಾರಿಗೂ ಹೇಳಬೇಡ, ಮಾಡಿಸಿಕೊಳ್ಳಲಿ, ಒಳ್ಳೆಯದಾಗುತ್ತದೆ ಎಂದು ಪಿಸುಗುಟ್ಟಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಸಂಜೆ ಜೋಲೀನ್ ಜೊತೆ ದಿನಸಿ ಅಂಗಡಿಗೆ ಹೋಗಿದ್ದೆ. ಬ್ರೆಡ್ಡಿನ ಸಾಲಿನಲ್ಲಿ ಟ್ರೆವರ್‌ನ ತಂಡದ ಇಬ್ಬರು ನಿಂತಿದ್ದರು. ಕೂಡಲೇ ಕುಂಟಲು ಶುರುಮಾಡಿದೆ. ಚೆನ್ನಾಗಿಯೇ ಕುಂಟಿದೆ, ತಳ್ಳುಗಾಡಿಗೆ ಒರಗಿಕೊಂಡು, ತುಟಿ ಕಚ್ಚಿಕೊಂಡು, ಹಾಲಿನ ಸಾಲಿನವರೆಗೂ. ಅವರಿಬ್ಬರೂ ಟೋಪಿ ತೆಗೆದು, "ಹುಷಾರು ಡಾರ್ಸಿ" ಎಂದರು. ಒಬ್ಬ ಸಾಮಾನನ್ನು ಟ್ರಕ್ಕಿನವರೆಗೆ ತಂದುಕೊಟ್ಟ.

ಮನೆಯ ತಿರುವಿಗೆ ಬಂದಾಗ ಜೋಲೀನ್ ಹೇಳಿದಳು:

"ಆಪರೇಷನ್ ಆಗಿದ್ದು ಎಡಗಾಲಿಗೆ."

"ಹೌದು. ಯಾಕೆ?"

"ನೀನು ಕುಂಟಿದ್ದು ಬಲಗಾಲು."